ಬ್ಯಾಗು ಕಾಯಲು ಹೋಗಿ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಉಗ್ರಾಣವನ್ನು ಖಾಲಿ ಮಾಡುತ್ತಿದ್ದೆವು. ಒಂದೇ ಒಂದು ಸಲ ಹಾಕಿಕೊಂಡು, ಬಿದ್ದು, ಮತ್ತೆಂದೂ ಹಾಕಿಕೊಳ್ಳದ ನನ್ನ ಸ್ಕೀ ಬೂಟುಗಳ ಹಿಂದಿನಿಂದ ಜೀನ್ಸ್ ಬಟ್ಟೆಯ ಅಗಲವಾದ ಪಟ್ಟಿಯೊಂದು ಹೊರಬಂತು. ಮಗಳು ಸನಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಇಲಿಯನ್ನು ತೋರಿಸುವವಳಂತೆ ಅಮ್ಮನಿಗೆ ತೋರಿಸಿದಳು. ತಾಯಿ ಮಗಳು ಇಬ್ಬರೂ ಒಂದು ಕ್ಷಣ ಗಂಭೀರವಾಗಿ ನಿಂತಿದ್ದರು. ಆಮೇಲೆ ಶುರುವಾದ ನಗು ಎಷ್ಟು ಜೋರಾಗಿತ್ತೆಂದರೆ, ಪಕ್ಕದ ಗೂಡಿನಲ್ಲಿ ತಮ್ಮ ಚಳಿಗಾಲದ ಟಯರುಗಳನ್ನು ಜೋಡಿಸುತ್ತಿದ್ದ ನೆರೆಯವರು ಜಾಲರಿಯಿಂದಾಚೆ ಇಣುಕಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದರು.

ಅದು ನನ್ನ ಸೊಂಟದ ಚೀಲ. ಅಂಗಿಯ ಒಳಗೆ, ಹೊಟ್ಟೆಯ ಮೇಲೆ ಕಟ್ಟಿಕೊಳ್ಳುವಂಥದ್ದು. ನನ್ನ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಹೆಂಡತಿ ತಸ್ನೀಮ್ ಹೊಲಿದುಕೊಟ್ಟಿದ್ದಳು. ಒಳಗೆ ಇಷ್ಟು ಖಾನೆ ಇರಲಿ, ಅದರೊಳಗೆ ಇನ್ನೊಂದು ಗುಪ್ತ ಖಾನೆ ಇರಲಿ, ಬಾಯಿಗೆ ಜಿಪ್ಪೂ ಇರಲಿ, ಗುಂಡಿಯೂ ಇರಲಿ ಎಂದು ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋದಂತೆ ಅವಳು ಸುಮ್ಮನೆ ಹೊಲಿದಳು. ಕೊನೆಗೆ ದಾರ ಕಚ್ಚಿ ಹರಿದು, "ಇನ್ನೊಂದ್ ಸ್ವಲ್ಪ ದೊಡ್ಡದ್ ಮಾಡಿದ್ರೆ ನಮ್ಮಿಬ್ರನ್ನೂ ಒಳಗೇ ಇಟ್ಕೊಂಡ್ ಓಡಾಡಬೋದಿತ್ತು ಕಣ್ರೀ" ಎಂದಿದ್ದಳು.

ನಿಮಗೆ ಈ ಕಥೆ ಹೇಳಬೇಕೆಂದರೆ ಮೊದಲು ನನ್ನ ಧೈರ್ಯದ ವಿಷಯ ಹೇಳಿಬಿಡಬೇಕು, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ನನ್ನ ಹೆಸರು ಇಲಿಯಾಸ್. ದಾವಣಗೆರೆಯ ಶಾಲೆಯಲ್ಲಿ ನಮಗೆ ಕನ್ನಡ ಹೇಳಿಕೊಡುತ್ತಿದ್ದ ಮೇಷ್ಟರು ಹಾಜರಿ ಕರೆಯುವಾಗ, "ನಿಂಗೆ ಮೊದಲಿನ ಎರಡಕ್ಷರ ಸಾಕು ಕಣಯ್ಯಾ, ಉಳಿದದ್ದು ದಂಡ" ಎನ್ನುತ್ತಿದ್ದರು. ತರಗತಿಯಿಡೀ ನಗುತ್ತಿತ್ತು. ನಾನೂ ನಗುತ್ತಿದ್ದೆ, ನಗದಿದ್ದರೆ ಯಾರಾದರೂ ಹೊಡೆದಾರು ಎಂದು.

ಹೆದರಿಕೆ ನನಗೆ ತಂದೆಯಿಂದ ಬಂದ ಆಸ್ತಿ. ಅಬ್ಬಾ ರೈಲು ಹತ್ತಿದರೆಂದರೆ ಸರಪಳಿ ಹತ್ತಿತು ಎಂದೇ ಅರ್ಥ. ನಾವು ಗುಲ್ಬರ್ಗದ ಮದುವೆಗೆ ಹೊರಟಾಗ ಹಸಿರು ಬಣ್ಣದ ಟ್ರಂಕನ್ನು ಸೀಟಿನ ಕಾಲಿಗೆ ಸುತ್ತಿ, ಬೀಗ ಜಡಿದು, ಬೀಗದ ಕೈಯನ್ನು ಯಾರಿಗೂ ಸಿಗದ ಜಾಗದಲ್ಲಿ ಇಟ್ಟರು. ಇಳಿಯುವ ಹೊತ್ತಿಗೆ ಅವರಿಗೂ ಸಿಗಲಿಲ್ಲ. ಗಾಡಿ ನಿಂತಿದೆ, ಅಮ್ಮಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೂಗುತ್ತಿದ್ದಾರೆ, ಅಬ್ಬಾ ಸೀಟಿನ ಕೆಳಗೆ ಮಲಗಿ ಸರಪಳಿ ಜಗ್ಗುತ್ತಿದ್ದಾರೆ. ಟ್ರಂಕು ನಮ್ಮನ್ನು ಬಿಟ್ಟು ಮುಂದೆ ಹೋಯಿತು. ಮದುವೆಯಲ್ಲಿ ನಾವೆಲ್ಲ ಪ್ರಯಾಣದ ಬಟ್ಟೆಯಲ್ಲೇ ಕೂತು ಬಿರಿಯಾನಿ ತಿಂದೆವು. ಮಾರನೆಯ ದಿನ ಮುಂದಿನ ಊರಿನ ನಿಲ್ದಾಣದವರು ಸರಪಳಿ ಕತ್ತರಿಸಿ ಟ್ರಂಕು ಹಿಂದಕ್ಕೆ ಕಳಿಸಿಕೊಟ್ಟರು. ತುಂಡಾದ ಸರಪಳಿಯನ್ನು ಅಬ್ಬಾ ಅಂಗೈಯಲ್ಲಿ ತೂಗುತ್ತಾ, "ಗರಗಸ ಹಾಕಿ ಕೊಯ್ದಿದಾರೆ ನೋಡು. ಕೈಯಲ್ಲಿ ಎಳೆದ್ರೆ ಬರಲ್ಲ. ಮಾಲು ಅಂದ್ರೆ ಮಾಲು" ಎಂದು ಹೆಮ್ಮೆಪಟ್ಟರು.

ಇಂಥ ವಂಶದವನು ಬಂದು ಸೇರಿಕೊಂಡದ್ದು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ಗೆ. ಉಕ್ಕಿನ ಕಾರ್ಖಾನೆಯೇ ಊರು, ಊರೇ ಕಾರ್ಖಾನೆ. ಲೋಹ ಕೊರೆಯುವ ಉಪಕರಣಗಳು ಎಷ್ಟು ತಡೆದಾವು, ಎಲ್ಲಿ ಮುರಿದಾವು ಎಂದು ಪರೀಕ್ಷಿಸುವುದು ನನ್ನ ಕೆಲಸ. ಅಂದರೆ ಕೆಟ್ಟದ್ದನ್ನೇ ಊಹಿಸುವುದಕ್ಕೆ ನನಗೆ ಸಂಬಳ ಬರುತ್ತದೆ. ಆದರೆ ಊರಿನ ಜನರಿಗೆ ಈ ಗುಣ ಒಂದಿಷ್ಟೂ ಇಲ್ಲ. ಲೈಬ್ರರಿಯಲ್ಲಿ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗುತ್ತಾರೆ. ಕೆಫೆಯ ಹೊರಗೆ, ಹಿಮದಲ್ಲಿ, ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿ ಒಳಗೆ ಕೂತು ಫೀಕಾ ಮಾಡುತ್ತಾರೆ, ಎಂದರೆ ಕಾಫಿ, ಬನ್ನು, ಮಾತು. ಮಗು ಹೊರಗೆ ಚೆನ್ನಾಗಿ ನಿದ್ದೆ ಮಾಡುತ್ತದಂತೆ. ನನಗೆ ಒಳಗೆ ಕಾಫಿ ಇಳಿಯುವುದಿಲ್ಲ.

ಹಾಗೆಂದು ಇಲ್ಲಿ ಕಳ್ಳತನವೇ ಇಲ್ಲ ಎಂದುಕೊಳ್ಳಬೇಡಿ. ನನ್ನ ಇಡೀ ಜೀವನದಲ್ಲಿ ನಿಜವಾಗಿ ಕಳುವಾಗಿರುವ ಒಂದೇ ಒಂದು ವಸ್ತು ಕಳುವಾದದ್ದು ಸ್ವೀಡನ್ನಿನಲ್ಲಿ. ರೈಲು ನಿಲ್ದಾಣದ ಎದುರು ಸೈಕಲ್ಲಿಗೆ ಮುಂದೊಂದು ಹಿಂದೊಂದು ಬೀಗ ಹಾಕಿ ಹೋಗಿದ್ದೆ. ಬಂದು ನೋಡಿದರೆ ಎರಡೂ ಬೀಗ ಭದ್ರವಾಗಿದ್ದವು, ಸೈಕಲ್ಲೂ ಇತ್ತು, ಸೀಟು ಮಾತ್ರ ಇರಲಿಲ್ಲ. ಮನೆಯವರೆಗೂ ನಿಂತುಕೊಂಡೇ ತುಳಿದೆ.

ಇರಲಿ, ಚೀಲದ ವಿಷಯಕ್ಕೆ ಬರುತ್ತೇನೆ. ಸನಾಗೆ ಆಗ ಒಂಬತ್ತು ವರ್ಷ. ಆ ಚಳಿಗಾಲ ಬಿಡುವಂತೆಯೇ ಕಾಣಲಿಲ್ಲ. ಬೆಳಿಗ್ಗೆ ಕತ್ತಲಲ್ಲಿ ಹೋಗಿ ಸಂಜೆ ಕತ್ತಲಲ್ಲಿ ಬರುವುದು, ನಡುವೆ ಸೂರ್ಯ ಬಂದಿದ್ದನೆಂದು ಯಾರಾದರೂ ಹೇಳಿದರೆ ನಂಬುವುದು. ತಸ್ನೀಮ್ ವಿಟಮಿನ್ ಡಿ ಗುಳಿಗೆಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, "ಇನ್ ಮೇಲೆ ಬಿಸಿಲನ್ನ ನಾನು ಮಾತ್ರೇಲಿ ನುಂಗಲ್ಲ" ಎಂದಳು. ಫೆಬ್ರುವರಿಯಲ್ಲಿ ಶಾಲೆಗೆ ಒಂದು ವಾರ ರಜೆ. ಬೇರೆ ಮಕ್ಕಳೆಲ್ಲ ಸ್ಕೀ ಮಾಡಲು ಬೆಟ್ಟಕ್ಕೆ ಹೋಗುತ್ತಾರೆ, ನನ್ನ ಬೂಟಿನ ಕಥೆಯಿಂದಾಗಿ ಆ ದಾರಿ ಮುಚ್ಚಿತ್ತು. ಹೀಗೆ ನಾವು ಕೆರಿಬಿಯನ್ನಿನ ಒಂದು ದ್ವೀಪಕ್ಕೆ, ಕಡಲದಂಡೆಯ ಒಂದು ಪುಟ್ಟ ಊರಿಗೆ ಟಿಕೆಟ್ ತೆಗೆದುಕೊಂಡೆವು. ಸ್ಟಾಕ್‌ಹೋಮಿನಿಂದ ನೇರ ವಿಮಾನ, ಅದರ ತುಂಬ ಸ್ವೀಡನ್ನಿನವರೇ. ದ್ವೀಪದ ಹೆಸರು ಬೇಡ. ಅಲ್ಲಿ ನನ್ನದೇನೂ ಕಳುವಾಗಲಿಲ್ಲ, ಸುಮ್ಮನೆ ಆ ಊರಿಗೆ ಅಪವಾದ ಯಾಕೆ.

ಟಿಕೆಟ್ ತೆಗೆದುಕೊಂಡ ದಿನವೇ ಸ್ವೀಡನ್ನಿನಲ್ಲೇ ಓರೆಬ್ರೂ ಎಂಬ ಊರಿನಲ್ಲಿರುವ ಗೆಳೆಯ ಗುರುಪ್ರಸಾದನಿಗೆ ಫೋನ್ ಮಾಡಿದೆ. ಬೆಂಗಳೂರಿನವನು, ಐಟಿ ಕೆಲಸ. ಕೆರಿಬಿಯನ್ನಿಗೆ ಎಂದೂ ಹೋದವನಲ್ಲ, ಆದ್ದರಿಂದ ಅವನಿಗೆ ಎಲ್ಲವೂ ಗೊತ್ತಿತ್ತು.

"ಭಾಯ್, ಹೋಗೋದು ಹೋಗಿ. ಆದ್ರೆ ಪ್ರಿಪೇರ್ ಆಗಿ ಹೋಗಿ. ಬೀಚಲ್ಲಿ ಒಬ್ಬ ಬಂದು ಟೈಮ್ ಎಷ್ಟು ಅಂತಾನೆ. ನೀವು ವಾಚ್ ನೋಡ್ತೀರಾ. ಮುಗೀತು."

"ಏನ್ ಮುಗೀತು?"

"ವಾಚ್ ಇಲ್ಲ!"

"ಹಂಗಾದ್ರೆ ವಾಚ್ ಕಟ್ಟಲ್ಲ."

"ಹಾಂ. ಮತ್ತೆ ಎರಡು ಪರ್ಸ್ ಇಟ್ಕೊಳಿ ಭಾಯ್. ಒಂದು ನಿಮ್ದು. ಇನ್ನೊಂದು ಅವ್ರಿಗೆ."

"ಯಾರಿಗೆ?"

"ದರೋಡೆ ಮಾಡೋರಿಗೆ! ಚಾಕು ತೋರ್ಸಿದ ತಕ್ಷಣ ಡೂಪ್ಲಿಕೇಟ್ ಪರ್ಸ್ ಕೊಟ್ಬಿಡಿ. ಅದ್ರಲ್ಲಿ ಎಕ್ಸ್‌ಪೈರ್ ಆಗಿರೋ ಕಾರ್ಡ್ಸ್ ತುಂಬ್ಸಿ. ನನ್ ಹತ್ರ ಇದಾವೆ, ಪೋಸ್ಟ್ ಮಾಡ್ತೀನಿ."

ಮೂರನೆಯ ದಿನ ಲಕೋಟೆ ಬಂತು. ಗುರುವಿನ ಹಳೆಯ ಜಿಮ್ ಕಾರ್ಡು, ಹಳೆಯ ಬ್ಯಾಂಕ್ ಕಾರ್ಡು, ಹಳೆಯ ಲೈಬ್ರರಿ ಕಾರ್ಡು. ಅವನಲ್ಲದೆ ಇಷ್ಟು ಸಹಾಯ ಯಾರು ಮಾಡುತ್ತಾರೆ ಎಂದು ನಾನು ಕರಗಿಹೋದೆ.

ಹೊರಡುವ ದಿನ ತಸ್ನೀಮ್ ಕಾಪಾಡಲೆಂದು ಕುರಾನಿನ ಆಯತುಲ್ ಕುರ್ಸಿ ಓದಿ ಮನೆಯ ಬಾಗಿಲಿಗೆ ಊದಿ ನಿಶ್ಚಿಂತೆಯಾದಳು. ನಾನೂ ಓದಿದೆ, ಊದಿದೆ, ಆಮೇಲೆ ಚಿಲಕವನ್ನೂ ಜಗ್ಗಿ ನೋಡಿದೆ. ಬಸ್ ನಿಲ್ದಾಣದಿಂದ ಒಮ್ಮೆ ವಾಪಸು ಬಂದು ಇನ್ನೊಂದು ಸಲ ಜಗ್ಗಿದೆ.

ದ್ವೀಪದಲ್ಲಿ ಇಳಿದ ಕೂಡಲೇ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿದು ತಾಯಿ ಮಗಳು ಇಬ್ಬರೂ ಕೋಟು ಕಿತ್ತೆಸೆದರು. ನಾನು ಮಾತ್ರ ತುಂಬು ತೋಳಿನ ಅಂಗಿ, ಪ್ಯಾಂಟು, ಸಾಕ್ಸು, ಹೊಟ್ಟೆಯ ಮೇಲೆ ಜೀನ್ಸಿನ ಚೀಲ. ಚೀಲದಲ್ಲಿ ನಮ್ಮ ಮೂವರ ಪಾಸ್‌ಪೋರ್ಟು, ಸ್ವೀಡನ್ನಿನಲ್ಲಿ ಇರಲು ಪರವಾನಗಿಯ ಕಾರ್ಡುಗಳು. ಹೋಟೆಲಿನ ಕೋಣೆಯಲ್ಲಿ ಗೋಡೆಗೆ ಕೂಡಿಸಿದ ತಿಜೋರಿ ಇತ್ತು. ಕಳ್ಳ ಮೊದಲು ನೋಡುವುದು ತಿಜೋರಿಯನ್ನೇ ಎಂದು ಅದನ್ನು ಖಾಲಿ ಬಿಟ್ಟು ಬಾಗಿಲು ಮಾತ್ರ ಹಾಕಿದೆ.

"ಇಲ್ಲಿ ಯಾರ ಹತ್ರಾನೂ ರೂಮ್ ನಂಬರ್ ಹೇಳ್ಬಾರ್ದು" ಎಂದೆ.

"ನಂಗೇ ನೆನಪಿಲ್ಲ ರೀ" ಎಂದಳು ತಸ್ನೀಮ್.

"ಮತ್ತೆ ಹೊರಗಡೆ ನಮ್ಮ ಮಾತೆಲ್ಲ ಕನ್ನಡದಲ್ಲೇ. ಉರ್ದು ಬೇಡ, ಇಂಗ್ಲಿಷ್ ಬೇಡ, ಸ್ವೀಡಿಷ್ ಅಂತೂ ಬೇಡವೇ ಬೇಡ. ದುಡ್ಡಿರೋ ದೇಶದೋರು ಅಂತ ಗೊತ್ತಾಗುತ್ತೆ."

ಮನೆಯಲ್ಲಿ ನಾವು ಆಡುವುದು ಉರ್ದು, ಜಗಳ ಮಾತ್ರ ಕನ್ನಡದಲ್ಲಿ, ಮಗಳಿಗೆ ತಿಳಿಯದಿರಲಿ ಎಂದು. ಇಷ್ಟು ವರ್ಷ ಕೇಳಿ ಕೇಳಿ ಅವಳು ಅದನ್ನೂ ಕಲಿತಿದ್ದಾಳೆಂದು ನಮಗೆ ಗೊತ್ತಾದದ್ದು ಆವತ್ತೇ. "ಸರಿ ಮಾರಾಯ್ರೇ" ಎಂದು ಸನಾ ಸ್ಪಷ್ಟ ಕನ್ನಡದಲ್ಲಿ ಹೇಳಿ ಸಮುದ್ರದ ಕಡೆ ಓಡಿದಳು.

ಎರಡು ದಿನ ನಾನು ನನ್ನ ಕರ್ತವ್ಯ ಮಾಡಿದೆ. ಅವರಿಬ್ಬರೂ ನೀರಿನಲ್ಲಿ, ತಸ್ನೀಮ್ ತನ್ನ ಉದ್ದ ತೋಳಿನ ಈಜುಡುಗೆಯಲ್ಲಿ ಮೀನಿನಂತೆ, ನಾನು ದಡದ ಒರಗುಕುರ್ಚಿಯಲ್ಲಿ ಬೆವರಿನಲ್ಲಿ. ತಿಂಡಿ ಬಡಿಸುವ ಹುಡುಗಿ ನಕ್ಕು "ಗುಡ್ ಮಾರ್ನಿಂಗ್" ಎಂದರೆ, ಇವಳಿಗೇಕೆ ನಮ್ಮ ಬೆಳಗಿನ ಉಸಾಬರಿ ಎನಿಸುತ್ತಿತ್ತು. ಎಳನೀರಿನವನು ಎಲ್ಲಿಯವರು ನೀವು ಎಂದು ಕೇಳಿದಾಗ, "ಆ ಕಡೆಯವರು" ಎಂದು ಸಮುದ್ರದತ್ತ ಕೈ ತೋರಿಸಿದೆ. ಅವನು ಸಮುದ್ರವನ್ನೊಮ್ಮೆ, ನನ್ನ ಸಾಕ್ಸನ್ನೊಮ್ಮೆ ನೋಡಿ, ಬಾಯಾರಿದವನಿರಬೇಕೆಂದು ಒಂದು ಕಾಯಿ ಪುಕ್ಕಟೆಯಾಗಿ ಕೊಟ್ಟುಹೋದ. ಅದರಲ್ಲೇನು ಬೆರೆಸಿದ್ದಾನೋ ಎಂದು ನಾನು ಕುಡಿಯಲಿಲ್ಲ.

ನನ್ನದನ್ನು ಕಾಯುವುದು ಕಷ್ಟವಿರಲಿಲ್ಲ, ಅದು ಹೊಟ್ಟೆಯ ಮೇಲೇ ಇತ್ತು. ಹಿಂಸೆಯಾಗುತ್ತಿದ್ದುದು ಬೇರೆಯವರ ಬ್ಯಾಗುಗಳಿಂದ. ನಮ್ಮ ವಿಮಾನದಲ್ಲಿ ಬಂದ ಸ್ವೀಡನ್ನಿನವರು ಸಾಲಾಗಿ ಕುರ್ಚಿ ಹಿಡಿದು, ಬ್ಯಾಗುಗಳನ್ನು ಹೇಗೆಂದರೆ ಹಾಗೆ ಬಿಟ್ಟು, ಹಿಂತಿರುಗಿಯೂ ನೋಡದೆ ನೀರಿಗಿಳಿಯುತ್ತಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಬಿರ್ಗಿಟ್ಟಾ ಎಂಬ ಹೆಂಗಸು. ಅಮ್ಮಿಯ ವಯಸ್ಸು, ಕಾರ್ಲ್‌ಸ್ಟಾಡ್‌ನವರು, ಒಬ್ಬರೇ ಬಂದಿದ್ದರು. ಈ ವಿವರವೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನು ಅವರ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ, ಅವರ ಬ್ಯಾಗನ್ನು ಮಾತ್ರ ನೋಡಿದ್ದೆ. ಒಣಹುಲ್ಲಿನಲ್ಲಿ ಹೆಣೆದ ಅಗಲ ಬಾಯಿಯ ಬ್ಯಾಗು. ಮೇಲೆಯೇ ಫೋನು, ಅದರ ಪಕ್ಕ ಕ್ಯಾಮೆರಾ, ನಡುವೆ ಪರ್ಸಿನ ಕಿವಿ.

ಮೂರನೆಯ ದಿನ ಬೆಳಿಗ್ಗೆ ಅವರು ನೀರಿಗಿಳಿದು ಬಹಳ ದೂರ ಈಜಿಹೋದರು. ಕಪ್ಪೆಚಿಪ್ಪಿನ ಸರ ಮಾರುವವನೊಬ್ಬ ನಮ್ಮ ಸಾಲಿನ ಮುಂದೆ ನಿಧಾನವಾಗಿ ಹಾದುಹೋದ. ಅವನ ನೆರಳು ಆ ಬ್ಯಾಗಿನ ಮೇಲೆ ಬಿದ್ದು, ಒಂದು ಗಳಿಗೆ ನಿಂತು, ಮುಂದೆ ಹೋಯಿತು. ಅವನು ನಿಂತದ್ದು ಸರದ ಗಂಟು ಬಿಡಿಸಲು. ಆದರೆ ನಾನು ಆಗಲೇ ಕುರ್ಚಿಯ ತುದಿಗೆ ಬಂದಿದ್ದೆ. ಅವನು ತಿರುಗಿ ಬಂದರೆ? ನೀವೇ ಹೇಳಿ, ಕಣ್ಣೆದುರಿಗೆ ಒಬ್ಬ ಮುದುಕಿಯ ಬ್ಯಾಗು ಹೋಗುವುದನ್ನು ನೋಡಿಕೊಂಡು ಕೂರಲು ಸಾಧ್ಯವೇ? ನಾನು ಎದ್ದೆ. ಅತ್ತಿತ್ತ ನೋಡಿದೆ. ಬ್ಯಾಗನ್ನು ಎತ್ತಿಕೊಂಡು ಬಂದು ನನ್ನ ಕುರ್ಚಿಯ ಕೆಳಗಿಟ್ಟೆ. ಯಾರ ಕಣ್ಣಿಗೂ ಬೀಳದಂತೆ ಮೇಲೆ ಟವೆಲ್ ಹೊದಿಸಿದೆ. ಇನ್ನೂ ಭದ್ರವಿರಲೆಂದು ಅದರ ಹಿಡಿಕೆಯೊಳಗೆ ನನ್ನ ಕಾಲು ತೂರಿಸಿದೆ. ಬಹಳ ದಿನಗಳ ಮೇಲೆ ಮನಸ್ಸಿಗೆ ಒಂದು ಬಗೆಯ ನೆಮ್ಮದಿಯಾಯಿತು. ಎರಡು ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಎಚ್ಚರವಿದ್ದವನು ನಾನು. ಅಲೆಗಳ ಸದ್ದು, ತಂಗಾಳಿ. ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಮೊದಲು ಕಂಡದ್ದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರ ಮೇಲೆ ಹೋಟೆಲಿನ ಬಿಲ್ಲೆ. ಭದ್ರತೆಯ ಅಧಿಕಾರಿ, ಹೆಸರು ಡೆಸ್ಮಂಡ್. ಬಾಗಿಲಷ್ಟು ಅಗಲದ ಮನುಷ್ಯ. ಅವನ ಪಕ್ಕದಲ್ಲಿ ಮೈಯಿಂದ ನೀರು ಸುರಿಯುತ್ತಾ ಬಿರ್ಗಿಟ್ಟಾ. ಟವೆಲ್ ಪಕ್ಕಕ್ಕೆ ಸರಿದಿತ್ತು. ಮೂವರೂ ನನ್ನ ಕಾಲನ್ನು ನೋಡಿದೆವು.

"ಇದು ನನ್ನ ಬ್ಯಾಗು" ಎಂದರು ಬಿರ್ಗಿಟ್ಟಾ ಇಂಗ್ಲಿಷಿನಲ್ಲಿ.

ಗಡಬಡಿಸಿ ಎದ್ದೆ. ಎದ್ದವನು ಹಿಡಿಕೆಯಲ್ಲಿ ಕಾಲು ಸಿಕ್ಕಿ, ಬ್ಯಾಗಿನ ಸಮೇತ ಮರಳಿನ ಮೇಲೆ ಬಿದ್ದೆ. ದೂರದಿಂದ ನೋಡಿದವರಿಗೆ ನಾನು ಬ್ಯಾಗು ಎತ್ತಿಕೊಂಡು ಓಡಲು ಹೊರಟಂತೆಯೇ ಕಂಡಿರಬೇಕು. ಸಾಲಿನ ಕುರ್ಚಿಗಳಲ್ಲಿ ಪುಸ್ತಕಗಳೆಲ್ಲ ಒಟ್ಟಿಗೆ ಕೆಳಗಿಳಿದವು.

ಸ್ವೀಡಿಷ್‌ನಲ್ಲಿ ಹೇಳಿದರೆ ನಂಬುತ್ತಾರೆ ಎನಿಸಿತು. ಆದರೆ ಹೆದರಿಕೆಯಲ್ಲಿ ಬಾಯಿಂದ ಬಂದದ್ದು ಭಾಷೆಯ ತರಗತಿಯ ಮೊದಲ ಪಾಠ. "ನನ್ನ ಹೆಸರು ಇಲಿಯಾಸ್. ನಾನು ಸ್ಯಾಂಡ್‌ವಿಕೆನ್‌ನಲ್ಲಿ ವಾಸಿಸುತ್ತೇನೆ. ನನಗೆ ಕಾಫಿ ಕುಡಿಯುವುದು ಇಷ್ಟ." ಅದೂ ಸಾಲದೆಂದು ನನ್ನ ಪೆರ್ಸೂನ್‌ನುಮ್ಮೆರ್ ಹೇಳತೊಡಗಿದೆ. ಸ್ವೀಡನ್ನಿನಲ್ಲಿ ಆಸ್ಪತ್ರೆಗೆ ಹೋದರೂ ಬ್ಯಾಂಕಿಗೆ ಹೋದರೂ ಮೊದಲು ಕೇಳುವುದು ಆ ಗುರುತಿನ ಸಂಖ್ಯೆಯನ್ನೇ. ಯಾರೂ ಕೇಳದಿದ್ದಾಗ ಸಮುದ್ರದಂಡೆಯಲ್ಲಿ ಅದನ್ನು ಒದರುವ ಮನುಷ್ಯನನ್ನು ಬಿರ್ಗಿಟ್ಟಾ ಮೊದಲ ಸಲ ನೋಡುತ್ತಿದ್ದರು. ಒಂದು ಹೆಜ್ಜೆ ಹಿಂದೆ ಸರಿದರು.

"ಸರ್, ಒಳಗೆ ಕೂತು ಮಾತಾಡೋಣ" ಎಂದ ಡೆಸ್ಮಂಡ್, ಬಹಳ ಮೃದುವಾಗಿ.

ಅವನ ಕೋಣೆ ಹೋಟೆಲಿನ ಸ್ವಾಗತ ಕಟ್ಟೆಯ ಹಿಂದಿತ್ತು. ಫ್ಯಾನು, ಮೇಜು, ಮೂರು ಕುರ್ಚಿ. ಕೂತ ಕೂಡಲೇ ಅವನ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿತ್ತು. ಅಂಗಿಯ ಕೆಳಗೆ ಅದು ಎಲ್ಲ ಕಡೆಗೂ ಚೌಕಾಕಾರವಾಗಿ ಉಬ್ಬಿತ್ತು.

"ಅಲ್ಲೇನಿದೆ ಸರ್?"

ಬೆವರಿನಲ್ಲಿ ಗಂಟು ಬಿಗಿದುಹೋಗಿತ್ತು. ಅವನೇ ಬಗ್ಗಿ ಬಿಚ್ಚಬೇಕಾಯಿತು. ಜಿಪ್ಪು ತೆಗೆದು, ಗುಂಡಿ ತೆಗೆದು, ಗುಪ್ತ ಖಾನೆ ಹುಡುಕಿ, ಒಂದೊಂದಾಗಿ ಮೇಜಿನ ಮೇಲೆ ಇಡುತ್ತಾ ಹೋದ. ಮೂರು ಪಾಸ್‌ಪೋರ್ಟು. ಮೂರು ಪರವಾನಗಿ ಕಾರ್ಡು. ಎರಡು ಫೋನು. ಒಂದು ಸೀಟಿ. ಒಂದು ಸಣ್ಣ ಸರಪಳಿ, ಬೀಗ. ನಮ್ಮ ಕೋಣೆಯ ಟಿವಿ ರಿಮೋಟು, ಅದನ್ನು ಯಾವಾಗ ಯಾಕೆ ಒಳಗಿಟ್ಟೆನೋ ನನಗೇ ನೆನಪಿರಲಿಲ್ಲ. ಕೊನೆಗೆ ಎರಡು ಪರ್ಸು. ಒಂದನ್ನು ಬಿಚ್ಚಿ ಕಾರ್ಡುಗಳನ್ನು ಓದಿ, ಪಾಸ್‌ಪೋರ್ಟು ತೆರೆದು ನನ್ನ ಹೆಸರು ನೋಡಿ, ಮತ್ತೆ ಕಾರ್ಡು ನೋಡಿದ.

"ಗುರು... ಪ್ರಸಾದ್ ಯಾರು ಸರ್?"

"ನನ್ನ ಸ್ನೇಹಿತ."

"ಅವರ ಪರ್ಸು ನಿಮ್ಮ ಹತ್ತಿರ ಹೇಗೆ ಬಂತು?"

"ಕಳ್ಳರಿಗೆ ಕೊಡೋದಕ್ಕೆ ಅಂತ ಅವನೇ ಕಳಿಸಿದ."

ಡೆಸ್ಮಂಡ್ ಪೆನ್ನು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ದಣಿವಿತ್ತು. ಬಿರ್ಗಿಟ್ಟಾ ತಮ್ಮ ಬ್ಯಾಗನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದರು. ನನ್ನ ಪಾಸ್‌ಪೋರ್ಟು ಪರರ ಮೇಜಿನ ಮೇಲಿತ್ತು. ಪೊಲೀಸರನ್ನು ಕರೆದರೆ? ಎಲ್ಲಾದರೂ ಒಂದು ಕೇಸು ಬಿದ್ದರೆ ಪರವಾನಗಿಯ ಗತಿಯೇನು, ಕೆಲಸದ ಗತಿಯೇನು? ನಗುವ ಮಾತಲ್ಲ, ಪಾಸ್‌ಪೋರ್ಟಿನ ಕಡೆ ಕೈಚಾಚಿ ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡೆ.

ಅಷ್ಟರಲ್ಲಿ ಬಾಗಿಲು ದಡಕ್ಕನೆ ತೆರೆಯಿತು. ತಸ್ನೀಮ್, ಸನಾ, ಇಬ್ಬರೂ ಒದ್ದೆ, ಕಾಲ ತುಂಬ ಮರಳು.

"ಏನ್ ಮಾಡ್ಕೊಂಡ್ರಿ?" ಎಂದಳು ತಸ್ನೀಮ್, ಕನ್ನಡದಲ್ಲೇ.

"ಏನೂ ಮಾಡ್ಲಿಲ್ಲ ಕಣೇ. ಅವ್ರ ಬ್ಯಾಗ್ ಕಾಯ್ತಿದ್ದೆ."

"ಅವ್ರು ಕಾಯಿ ಅಂದ್ರಾ?"

"ಇಲ್ಲ."

ಅವಳಿಗೆ ನಗು ಬಂದುಬಿಟ್ಟಿತು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ನನ್ನ ಹಿಂದೆ ಬಂದು ನಿಂತು, ಭುಜದ ಮೇಲೆ ಕೈಯಿಟ್ಟಳು. ಅವಳ ಕೈ ತಣ್ಣಗಿತ್ತು.

ಸನಾ ಮಾತ್ರ ನೇರ ಬಿರ್ಗಿಟ್ಟಾ ಮುಂದೆ ಹೋಗಿ ನಿಂತಳು. ಸ್ಯಾಂಡ್‌ವಿಕೆನ್‌ನ ಮಕ್ಕಳು ಆಡುವ ಪಕ್ಕಾ ಸ್ವೀಡಿಷ್‌ನಲ್ಲಿ ಶುರುಮಾಡಿದಳು.

"ನಮ್ಮಪ್ಪ ಕದಿಯಲ್ಲ. ಅವರಿಗೆ ಆಗಲ್ಲ. ತುಂಬಾ ಹೆದರ್ತಾರೆ."

ಬಿರ್ಗಿಟ್ಟಾ ಹುಬ್ಬೇರಿಸಿದರು.

"ನಿಜ. ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟಾಪಿಗೆ ಬಂದ ಮೇಲೆ ಮತ್ತೆ ಓಡಿಹೋಗಿ ನೋಡ್ಕೊಂಡು ಬರ್ತಾರೆ. ಬಸ್ ತಪ್ಪಿಹೋಗುತ್ತೆ, ನನಗೆ ಶಾಲೆಗೆ ಲೇಟಾಗುತ್ತೆ. ನಾನು ಶಿಶುವಿಹಾರಕ್ಕೆ ಹೋಗ್ತಿದ್ದಾಗ ನನ್ನ ಕೈಗವಸಿನ ಒಂದೊಂದು ಬೆರಳಿಗೂ ಹೆಸರು ಬರೆದಿದ್ರು. ಟೀಚರ್ ಎಲ್ಲರಿಗೂ ತೋರ್ಸಿ ನಗ್ತಿದ್ರು."

"ಸನಾ, ಸಾಕು" ಎಂದೆ.

"ಸಾಕಾಗಲ್ಲ ಪಪ್ಪಾ" ಎಂದು ಅವಳು ಮುಂದುವರಿಸಿದಳು. "ಒಂದು ಸಲ ಕೆಫೆ ಹೊರಗಡೆ ಯಾರದೋ ಮಗು ಗಾಡೀಲಿ ಮಲಗಿತ್ತು. ಹಿಮ ಬೀಳ್ತಿತ್ತು. ನಾವು ಒಳಗೆ ಬನ್ ತಿಂತಾ ಇದ್ವಿ. ಇವರು ಹೊರಗೆ ಹೋಗಿ ಗಾಡಿ ಪಕ್ಕ ನಿಂತ್ಕೊಂಡ್ರು. ಆ ಮಗುವಿನ ಅಮ್ಮ ಕಾಫಿ ಮುಗಿಸೋವರೆಗೂ! ತಲೆ ಮೇಲೆಲ್ಲ ಹಿಮ. ಆಮೇಲೆ ಆ ಅಮ್ಮ ಬಂದು ನೀವು ಯಾರು ಅಂತ ಕೇಳಿದ್ರೆ, ಹೆದರಿ ಓಡಿಬಂದ್ರು."

ಬಿರ್ಗಿಟ್ಟಾ ಬಾಯಿಗೆ ಕೈ ಅಡ್ಡ ಹಿಡಿದರು. ಭುಜ ಕುಲುಕತೊಡಗಿತು. ಡೆಸ್ಮಂಡ್ ಏನು ಏನು ಎಂದು ಕೇಳಿದ. ಸನಾ ಎಲ್ಲವನ್ನೂ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದಳು, ಈ ಸಲ ಸೈಕಲ್ ಸೀಟನ್ನೂ ಸೇರಿಸಿ, ನಾನು ಹೇಗೆ ನಿಂತು ತುಳಿದೆನೆಂದು ಅಭಿನಯಿಸಿ ತೋರಿಸಿ. ಸ್ವಾಗತ ಕಟ್ಟೆಯ ಹುಡುಗಿ ಬಾಗಿಲಲ್ಲಿ ಬಂದು ನಿಂತು ಕೇಳಿಸಿಕೊಂಡಳು. ಡೆಸ್ಮಂಡನ ನಗು ಮೊದಲು ಹೊಟ್ಟೆಯಲ್ಲಿ ಎದ್ದು, ಎದೆಗೆ ಬಂದು, ಕೊನೆಗೆ ಕುರ್ಚಿಯನ್ನೇ ಅಲ್ಲಾಡಿಸಿತು. ತಸ್ನೀಮ್ ನನ್ನ ಭುಜದ ಮೇಲಿನ ಕೈ ತೆಗೆಯಲಿಲ್ಲ, ಆದರೆ ಆ ಕೈಯೂ ನಗುತ್ತಿತ್ತು.

ನಾನು ಕಳ್ಳನಲ್ಲವೆಂದು ಹೀಗೆ ಸಾಬೀತಾಯಿತು. ಪುಕ್ಕಲನೆಂದೂ ಸಾಬೀತಾಯಿತು. ಎರಡು ತೀರ್ಪೂ ಒಂದೇ ಸಾಕ್ಷಿಯ ಮೇಲೆ.

ಡೆಸ್ಮಂಡ್ ಪಾಸ್‌ಪೋರ್ಟುಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟು, "ಸರ್, ಕೋಣೆಯ ತಿಜೋರಿ ಚೆನ್ನಾಗಿದೆ. ಇದನ್ನು ಅಲ್ಲಿಡಿ" ಎಂದ. ಸೀಟಿಯನ್ನು ಎತ್ತಿ ತೋರಿಸಿ, "ಇದನ್ನು ಮಾತ್ರ ಇಟ್ಟುಕೊಳ್ಳಿ. ಊದಿದರೆ ನಾನು ಬರುತ್ತೇನೆ" ಎಂದ. ರಿಮೋಟನ್ನು ತಾನೇ ಇಟ್ಟುಕೊಂಡ.

ಹೊರಗೆ ಬಂದ ಮೇಲೆ ಬಿರ್ಗಿಟ್ಟಾ ನಮ್ಮ ಜೊತೆಯಲ್ಲೇ ನಡೆದರು. ಕ್ಷಮಿಸಿ ಎಂದು ಆಗಲೇ ಹೇಳಿದ್ದರು, ಮತ್ತೆ ಹೇಳಿದರು. ಸ್ವಲ್ಪ ದೂರ ಹೋದ ಮೇಲೆ, ಕೆಳಗೆ ನೋಡುತ್ತಾ, ನಿಧಾನವಾದ ಸ್ವೀಡಿಷ್‌ನಲ್ಲಿ, ನನಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಹೇಳಿದರು. "ಎರಡು ದಿನದಿಂದ ನಾನು ನಿಮ್ಮನ್ನು ನೋಡುತ್ತಿದ್ದೆ. ನೀವು ನೀರಿಗೆ ಇಳಿಯಲಿಲ್ಲ. ಎಲ್ಲರ ಬ್ಯಾಗನ್ನೂ ನೋಡುತ್ತಿದ್ದಿರಿ. ನನಗೆ ಭಯವಾಗಿತ್ತು. ಇವತ್ತು ಬೆಳಿಗ್ಗೆ, ಹೀಗೆ ಯೋಚಿಸಬಾರದು ಅಂತ ನನಗೆ ನಾನೇ ಹೇಳಿಕೊಂಡು, ಬೇಕೆಂದೇ ಬ್ಯಾಗು ಬಿಟ್ಟು ಹೋದೆ."

ಅವರು ಧೈರ್ಯ ಮಾಡಿ ನನ್ನನ್ನು ನಂಬಿದ ಮೊದಲ ದಿನವೇ ನಾನು ಬ್ಯಾಗು ಎತ್ತಿದ್ದೆ. ದಡದಲ್ಲಿ ಚಿಪ್ಪಿನ ಸರದವನು ಕೂತು ಬ್ರೆಡ್ಡು ತಿನ್ನುತ್ತಿದ್ದ. ನಮ್ಮನ್ನು ಕಂಡು ಕೈಯೆತ್ತಿ, "ಎಲ್ಲ ಸರಿಹೋಯ್ತಾ?" ಎಂದು ಕೇಳಿದ. ಸುದ್ದಿ ಅಲ್ಲಿಗೂ ಮುಟ್ಟಿತ್ತು. ನಾನೂ ಕೈಯೆತ್ತಿದೆ. ಎಲ್ಲಿಯವರು ಎಂದು ಅವನು ಕೇಳಲಿಲ್ಲ, ಆದರೂ "ದಾವಣಗೆರೆ" ಎಂದುಬಿಟ್ಟೆ.

ಅವತ್ತಿನಿಂದ ನನ್ನ ಬೆಲೆ ಏರಿತು. ನೀರಿಗಿಳಿಯುವ ಮೊದಲು ಬಿರ್ಗಿಟ್ಟಾ ಬ್ಯಾಗನ್ನು ತಂದು ನನ್ನ ಪಕ್ಕದಲ್ಲಿಟ್ಟು, "ನೋಡ್ಕೋತೀರಲ್ಲ?" ಎನ್ನುತ್ತಿದ್ದರು. ಅವರನ್ನು ನೋಡಿ ಸಾಲಿನ ಉಳಿದವರೂ ತಂದಿಟ್ಟರು. ನನ್ನ ಕುರ್ಚಿಯ ಸುತ್ತ ಬ್ಯಾಗು, ಕ್ಯಾಮೆರಾ, ಕನ್ನಡಕ, ಒಬ್ಬರ ಹಲ್ಲಿನ ಸೆಟ್ಟು. ತಸ್ನೀಮ್ ದೂರದಿಂದ ಫೋಟೋ ತೆಗೆದು ಗುರುಪ್ರಸಾದನಿಗೆ ಕಳಿಸಿದಳು. "ಭಾಯ್, ಹುಷಾರು, ಅಷ್ಟೊಂದು ಮಾಲು ಒಂದೇ ಕಡೆ ಇಡಬೇಡಿ" ಎಂದು ಅವನು ಉತ್ತರ ಬರೆದ.

ವಾಪಸು ಹೊರಡುವ ಹಿಂದಿನ ದಿನ ಸನಾ ಬಂದು ನನ್ನ ಕುರ್ಚಿಯ ತುದಿಯಲ್ಲಿ ಕೂತಳು. ಮರಳಿನಲ್ಲಿ ಕಾಲಿನಿಂದ ಗೀರುತ್ತಾ ಕೇಳಿದಳು.

"ಪಪ್ಪಾ, ನಾನು ಬರ್ಲಿಲ್ಲ ಅಂದಿದ್ರೆ ಅವ್ರು ನಿಮ್ಮನ್ನ ನಂಬ್ತಿದ್ರಾ?"

"ನಂಬ್ತಿದ್ರು" ಎಂದೆ. "ಸ್ವಲ್ಪ ತಡ ಆಗ್ತಿತ್ತು ಅಷ್ಟೇ."

"ಎಷ್ಟು ತಡ?"

"ಬಾ, ನೀರಿಗೆ ಹೋಗೋಣ" ಎಂದುಬಿಟ್ಟೆ. ಅವಳು ನಂಬದೆ ನನ್ನನ್ನೇ ನೋಡಿದಳು. ನಾನು ಸಾಕ್ಸು ಬಿಚ್ಚಿದೆ. ಮರುದಿನದ ಪ್ರಯಾಣಕ್ಕೆಂದು ಆಗಲೇ ತಿಜೋರಿಯಿಂದ ತೆಗೆದಿದ್ದ ಪಾಸ್‌ಪೋರ್ಟುಗಳು ತಸ್ನೀಮ್‌ಳ ಬ್ಯಾಗಿನಲ್ಲಿದ್ದವು. ಅವಳು ಅದನ್ನು ನನ್ನ ಹತ್ತಿರ ಬಿಟ್ಟು ಅಂಗಡಿ ಬೀದಿಗೆ ಹೋಗಿದ್ದಳು. ಬ್ಯಾಗನ್ನು ಬಿರ್ಗಿಟ್ಟಾ ಮುಂದಿಟ್ಟು, "ನೋಡ್ಕೋತೀರಲ್ಲ?" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ ಗಂಭೀರವಾಗಿ ತಲೆಯಾಡಿಸಿದರು.

ನೀರು ಬೆಚ್ಚಗಿತ್ತು. ಇಷ್ಟು ಬೆಚ್ಚಗಿರುತ್ತದೆಂದು ತಾಯಿ ಮಗಳಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಅಂಗಿ ಗಾಳಿ ತುಂಬಿಕೊಂಡು ಸುತ್ತಲೂ ಉಬ್ಬಿತು. ಸೊಂಟದವರೆಗೆ ಬಂದು ನಿಂತೆವು. ಒಂದು ಅಲೆ ಬಂದು ಮೂಗಿಗೂ ಬಾಯಿಗೂ ಉಪ್ಪುನೀರು ನುಗ್ಗಿಸಿ ಹೋಯಿತು. ಕೆಮ್ಮಿ, ಕಣ್ಣೊರೆಸಿಕೊಂಡು ನೋಡಿದರೆ, ಸನಾ ನನ್ನ ಕೈ ಹಿಡಿದುಕೊಂಡು ದಡದ ಕಡೆಗೆ ತಿರುಗಿ ನೋಡುತ್ತಿದ್ದಳು.

"ಏನ್ ನೋಡ್ತಿದೀಯಾ? ಬ್ಯಾಗಾ?"

"ಅಲ್ಲ."

"ಮತ್ತೆ?"

"ಅವ್ರು ನಮ್ಮನ್ನ ನೋಡ್ತಿದಾರಾ ಅಂತ."

ನಾನೂ ತಿರುಗಿದೆ. ಸಾಲಿನಲ್ಲಿ ಒಬ್ಬರೂ ನಮ್ಮ ಕಡೆ ನೋಡುತ್ತಿರಲಿಲ್ಲ. ಬಿರ್ಗಿಟ್ಟಾ ಎದೆಯ ಮೇಲೆ ಪುಸ್ತಕ ಕವುಚಿಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದರು. ನಮ್ಮ ಬ್ಯಾಗು, ಮೂರು ಪಾಸ್‌ಪೋರ್ಟು, ಮೂರು ಪರವಾನಗಿ ಎಲ್ಲ ಸೇರಿ, ಯಾರ ಕಾವಲೂ ಇಲ್ಲದೆ ಮರಳಿನ ಮೇಲೆ ಬಿದ್ದಿತ್ತು.

"ಯಾರೂ ನೋಡ್ತಿಲ್ಲ" ಎಂದೆ.

ಓಡಿಹೋಗಿ ಎತ್ತಿಕೊಳ್ಳಬೇಕೆಂದು ಕಾಲು ತುಡಿಯಿತು. ಆದರೆ ಸನಾ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಮುಂದಿನ ಅಲೆ ಬರುತ್ತಿತ್ತು. ನಾನು ದಡಕ್ಕೆ ಬೆನ್ನು ಹಾಕಿ ನಿಂತೆ.